ಪಾಲ್ವಂಕರ್ ಬಾಲೂ: ನಾನು ತಡವಾಗಿ ತಿಳಿದ ಆಟಗಾರ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯ ಕ್ರೀಡಾಪಟುವಿನ ಜೀವನವನ್ನು ಪರಿಚಯಿಸಬೇಕೆಂದು ಸಮಿತಿಯ ಗೆಳೆಯರು ಕೇಳಿದರು. ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನು ಬಿಟ್ಟು ಪಾಲ್ವಂಕರ್ ಬಾಲೂ ಅವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಚರ್ಮದ ಕೆಲಸದ ಸಮುದಾಯದವರು. ಅಂದಿನ ಸಮಾಜ ಅವರನ್ನು ಅಸ್ಪೃಶ್ಯರೆಂದು ದೂರವಿಟ್ಟಿತ್ತು. ಅವರ ಕುಟುಂಬ ಪುಣೆಗೆ ಬಂದು ನೆಲೆಸಿತು. ಸೈನಿಕರು ಬಿಟ್ಟುಹೋದ ಬ್ಯಾಟು ಚೆಂಡುಗಳಲ್ಲೇ ಬಾಲೂ ಮತ್ತು ತಮ್ಮಂದಿರು ಆಟ ಕಲಿತರು. ಮೊದಲು ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸ. ತಿಂಗಳಿಗೆ 3 ರೂಪಾಯಿ ಸಂಬಳ. ಆಮೇಲೆ 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಸಂಬಳ 4 ರೂಪಾಯಿ ಆಯಿತು.

ಅಲ್ಲಿ ನೆಲ ಹದ ಮಾಡುವುದು, ನೆಟ್ ಕಟ್ಟುವುದು, ಗೆರೆ ಹಾಕುವುದು ಅವರ ಕೆಲಸ. ಬಿಡುವಿದ್ದಾಗ ಸಾಹೇಬರಿಗೆ ಚೆಂಡು ಎಸೆಯಬೇಕು. ಎಡಗೈಯ ನಿಧಾನಗತಿಯ ಸ್ಪಿನ್ ಅವರಿಗೆ ಒಲಿದದ್ದು ಹೀಗೆ. ಜೆ.ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟುಗಾರ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಮಾತು ಇಂದಿಗೂ ಉಳಿದಿದೆ. ಗಂಟೆಗಟ್ಟಲೆ ಚೆಂಡು ಎಸೆಯಲು ಕರೆದವರು, ಅಭ್ಯಾಸಕ್ಕೆಂದು ಬ್ಯಾಟನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಬಾಲೂ ಇಲ್ಲದೆ ಅದು ಆಗದು ಎಂದು ಅರಿತು, ಕೆಲವರ ವಿರೋಧದ ನಡುವೆಯೇ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಹಿಡಿಯುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರು ಹೊರಗೆ ನಿಲ್ಲಬೇಕು. ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಊಟ ಮುಗಿಸಿ ಬಂದು ಅದೇ ತಂಡಕ್ಕೆ ವಿಕೆಟ್ ಕಿತ್ತು ಕೊಡುತ್ತಿದ್ದರು.

1896ರಲ್ಲಿ ಪ್ಲೇಗು ಹಬ್ಬಿದ ಕಾಲಕ್ಕೆ ಬಾಲೂ ಬೊಂಬಾಯಿಗೆ ಹೋದರು. ರೈಲ್ವೆಯಲ್ಲಿ ನೌಕರಿ, ಹಿಂದೂ ಜಿಮ್ಖಾನಾದಲ್ಲಿ ಆಟ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ಗೆಲುವಿನಲ್ಲಿ ಬಾಲೂ ಮತ್ತು ತಮ್ಮ ಶಿವರಾಮ ಇಬ್ಬರೂ ಆಡಿದ್ದರು. ಅಷ್ಟು ಹೊತ್ತಿಗೆ ಬೊಂಬಾಯಿಯ ಜೊತೆ ಆಟಗಾರರು ಅವರೊಡನೆ ಕೂತು ಉಣ್ಣತೊಡಗಿದ್ದರು. ಪತ್ರಿಕೆಗಳು ಆಟಕ್ಕಿಂತ ಇದನ್ನೇ ದೊಡ್ಡ ಸುದ್ದಿಯಾಗಿ ಕಂಡದ್ದೂ ಉಂಟು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಕೂಡ ಆ ತಂಡದಲ್ಲಿದ್ದರು. ತಂಡ ಸೋತದ್ದೇ ಹೆಚ್ಚು. ಆದರೆ ಭುಜದ ನೋವಿನಲ್ಲೂ ಬಾಲೂ 114 ವಿಕೆಟ್ ಪಡೆದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರ ಗಳಿಕೆ 179 ವಿಕೆಟ್, ಸರಾಸರಿ 15ರ ಆಸುಪಾಸು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ವರ್ಷವರ್ಷವೂ ಅವರಿಗಿಂತ ಕಿರಿಯರು, ಅವರಷ್ಟು ಆಡದವರು ನಾಯಕರಾದರು. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹೊರಗುಳಿದರು. ಆಮೇಲೆ ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ ನಾಯಕನಾಗಿ ತಂಡವನ್ನು ಗೆಲ್ಲಿಸಿದಾಗ, ಅಣ್ಣನಿಗೆ ಸಲ್ಲಬೇಕಾದದ್ದು ತಮ್ಮನಿಗೆ ಸಂದಂತಾಯಿತು.

ಡಾ. ಅಂಬೇಡ್ಕರರು ತರುಣರಾಗಿದ್ದಾಗ ಬಾಲೂ ಅವರನ್ನು ಬಹಳ ಮೆಚ್ಚಿಕೊಂಡಿದ್ದರು. ಮುಂದೆ ಇಬ್ಬರ ದಾರಿ ಬೇರೆಯಾಯಿತು. 1932ರ ಪೂನಾ ಒಪ್ಪಂದಕ್ಕೆ ಬಾಲೂ ಅವರೂ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರರ ಎದುರೇ ನಿಂತು, ಸುಮಾರು 2 ಸಾವಿರ ಮತಗಳಿಂದ ಸೋತರು. 1955ರ ಜುಲೈ ತಿಂಗಳಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು.

ಇನ್ನು, ಇವರನ್ನೇ ಏಕೆ ಆರಿಸಿಕೊಂಡೆ ಎಂಬುದು. ನಾನು ಹೈಸ್ಕೂಲಿನಲ್ಲಿದ್ದಾಗ ತೆಂಗಿನ ಮಟ್ಟೆಯ ಬ್ಯಾಟಿನಿಂದ ಶುರುಮಾಡಿ ಒಂದು ತಂಡ ಕಟ್ಟಿಕೊಂಡಿದ್ದೆವು. ನಾನೇ ನಾಯಕ. ನಮ್ಮಲ್ಲಿ ಚೆನ್ನಾಗಿ ಬೌಲ್ ಮಾಡುತ್ತಿದ್ದವನು ಕೇರಿಯ ಹುಡುಗ. ಒಂದು ಭಾನುವಾರ ಹತ್ತಿರದ ಹಳ್ಳಿಯೊಂದಕ್ಕೆ ಪಂದ್ಯಕ್ಕೆ ಹೋದೆವು. ಅವನೇ ಐದು ವಿಕೆಟ್ ತೆಗೆದು ಗೆಲ್ಲಿಸಿದ. ಆಟ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ನಮಗೆಲ್ಲ ಲೋಟದಲ್ಲಿ ನೀರು ಮಜ್ಜಿಗೆ ಕೊಟ್ಟರು. ಅವನನ್ನು ಮಾತ್ರ ದೂರ ಕೂರಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ಕಂಚು ಹಿತ್ತಾಳೆಯ ಎರಕಕ್ಕೆ ಹೆಸರಾದ ನಾಗಮಂಗಲ ಸೀಮೆಯಲ್ಲಿ ಅವನಿಗೊಂದು ಲೋಟ ಇರಲಿಲ್ಲ. ನಾಯಕನಾದ ನಾನು ನನ್ನ ಲೋಟದ ಮಜ್ಜಿಗೆ ಕುಡಿದು ಸುಮ್ಮನೆ ಕೂತೆ. ಮುಂದಿನ ಭಾನುವಾರ ಅವನು ಆಟಕ್ಕೆ ಬರಲಿಲ್ಲ. ಏಕೆಂದು ನಾನು ಹೋಗಿ ಕೇಳಲೂ ಇಲ್ಲ.

ಎಷ್ಟೋ ವರ್ಷಗಳ ನಂತರ ಬಾಲೂ ಅವರ ಮಣ್ಣಿನ ಕುಡಿಕೆಯ ವಿಷಯ ಓದಿದಾಗ ಕಣ್ಣೆದುರು ಬಂದದ್ದು ಆ ಬೊಗಸೆ. ಪುಣೆಯ ಆಟಗಾರರನ್ನು ದೂರುವ ಯೋಗ್ಯತೆ ನನಗಿಲ್ಲ ಎನಿಸಿತು. ಅವರ ಕಾಲಕ್ಕೂ ನನ್ನ ಕಾಲಕ್ಕೂ ನಡುವೆ ಸ್ವಾತಂತ್ರ್ಯವೇ ಬಂದು ಹೋಗಿತ್ತು.

ನನ್ನ ಗೆಳೆಯ ಈಗ ಮೊಮ್ಮಕ್ಕಳ ತಾತ. ಸಿಕ್ಕಾಗ ನಕ್ಕು ಮಾತಾಡಿಸುತ್ತಾನೆ, ಮನೆಗೆ ಕರೆದು ಕಾಫಿ ಕೊಡುತ್ತಾನೆ. ಆ ಭಾನುವಾರದ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಅಂದು ಆಡಬೇಕಿದ್ದ ಮಾತನ್ನು ಇಂದು ಈ ಸಂಚಿಕೆಯಲ್ಲಿ ಬರೆದಿದ್ದೇನೆ. ಅವನೂ ಓದುತ್ತಾನೆಂಬ ನಂಬಿಕೆಯಿದೆ.

ಮಹೋತ್ಸವದ ದಿನ ಹಳೆಯ ವಿದ್ಯಾರ್ಥಿಗಳಿಗೂ ಮಕ್ಕಳಿಗೂ ಪಂದ್ಯ ಏರ್ಪಡಿಸುವುದಾದರೆ, ನೀರಿನ ಕೊಡದ ಹತ್ತಿರ ನಿಲ್ಲುವ ಕೆಲಸವನ್ನು ನನಗೆ ಕೊಡಬೇಕೆಂದು ಸಮಿತಿಯವರಲ್ಲಿ ಕೇಳಿಕೊಳ್ಳುತ್ತೇನೆ. ಎಲ್ಲರಿಗೂ ಅದೇ ಕೊಡ, ಅದೇ ಲೋಟ. ಮೊದಲ ಲೋಟ ನಮ್ಮ ಬೌಲರಿಗೆ.