ಬಿಸಿಲನ್ನು ದುಡಿಮೆಗೆ ಕರೆದ ಚಾಮಿಚಾನರು

ಸೂರ್ಯನಿಗೆ ಅರ್ಘ್ಯವಿತ್ತು ದಿನವನ್ನಾರಂಭಿಸುವ ನಮ್ಮ ನಾಡಿನಲ್ಲಿ, ಅದೇ ಸೂರ್ಯನನ್ನು ರಸಾಯನಶಾಲೆಯ ಸಹಾಯಕನನ್ನಾಗಿ ಮಾಡಿಕೊಂಡ ಜಾಕೊಮೊ ಚಾಮಿಚಾನರ ಹೆಸರು ವಿದ್ವಾಂಸರ ವಲಯವನ್ನು ದಾಟದಿರುವುದು ಸೋಜಿಗವೇ ಸರಿ.

ಈ ಮಹನೀಯರು 1857ನೆಯ ಇಸವಿ ಆಗಸ್ಟ್ 27ರಂದು ಟ್ರಿಯೆಸ್ಟ್ ಪಟ್ಟಣದಲ್ಲಿ, ಅರ್ಮೇನಿಯಾ ಮೂಲದ ಮನೆತನವೊಂದರಲ್ಲಿ ಜನಿಸಿದರು. ವಿಯೆನ್ನಾದಲ್ಲಿ ವ್ಯಾಸಂಗ ಮಾಡಿ, ರೋಮಿನಲ್ಲಿ ಕನ್ನಿಝಾರೊ ಎಂಬ ಹಿರಿಯರ ಕೈಕೆಳಗೆ ಪಳಗಿ, 1889ರಲ್ಲಿ ಬೊಲೊನ್ಯಾ ವಿಶ್ವವಿದ್ಯಾನಿಲಯದ ಆಚಾರ್ಯಪದವಿಗೆ ಬಂದರು. ಕಡೆಯವರೆಗೂ ಅವರ ಕರ್ಮಭೂಮಿ ಅದೇ ಆಯಿತು.

ಆ ಕಾಲದ ರಸಾಯನೋದ್ಯಮವು ಕುಲುಮೆಯ ಕಾವನ್ನೂ ತೀಕ್ಷ್ಣವಾದ ಆಮ್ಲಗಳನ್ನೂ ನೆಚ್ಚಿಕೊಂಡಿತ್ತು. ಮರಗಿಡಗಳಾದರೋ ಬೆಂಕಿಯಿಲ್ಲದೆ, ಬರಿಯ ಬೆಳಕಿನಿಂದಲೇ ತಮ್ಮ ಪಾಕವನ್ನು ಮಾಡಿಕೊಳ್ಳುತ್ತವೆ. ಈ ಗುಟ್ಟನ್ನರಿಯಲು ಚಾಮಿಚಾನರು ಪಾಲ್ ಸಿಲ್ಬರರೊಡಗೂಡಿ ಗಾಜಿನ ಬುದ್ದಲಿಗಳನ್ನು ಪ್ರಯೋಗಶಾಲೆಯ ಮಾಳಿಗೆಯ ಮೇಲೆ ತಿಂಗಳುಗಟ್ಟಲೆ ಬಿಸಿಲಿಗಿಟ್ಟರು. ಟಾಲುಯೀನ್ ದ್ರವವು ಬೆಳಕಿನಲ್ಲಿ ಆಮ್ಲಜನಕವನ್ನು ಹೀರಿ ಬೆಂಜೋಯಿಕ್ ಆಮ್ಲವಾಗುವುದನ್ನು ಕಂಡರು.

1912ರಲ್ಲಿ ನ್ಯೂಯಾರ್ಕಿನ ಮಹಾಸಮ್ಮೇಳನದಲ್ಲಿ ಅವರು ಮಾಡಿದ ಉಪನ್ಯಾಸದ ಸಾರವಿಷ್ಟು: ಕಲ್ಲಿದ್ದಲು ಪೂರ್ವಯುಗದ ಬಿಸಿಲಿನ ಗಂಟು, ಅದು ಕರಗುವ ಮೊದಲೇ ಇಂದಿನ ಬಿಸಿಲನ್ನು ಬಳಸಲು ಕಲಿಯಬೇಕು, ಹಾಗಾದರೆ ಹೊಗೆಯಿಲ್ಲದ ಉದ್ಯಮಗಳು ಬೆಂಗಾಡಿನಲ್ಲಿಯೂ ಏಳುವುವು. ಅದೇ ಕಾಲದಲ್ಲಿ ನಮ್ಮ ಮೈಸೂರು ನಗರವು ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ 1908ರಲ್ಲಿ ಬೆಳಗಿ ನಾಲ್ಕು ವರ್ಷಗಳಾಗಿದ್ದುವು. ನಾವು ಕಾವೇರಿಯನ್ನು ದುಡಿಸಿದೆವು. ಅವರು ಬಿಸಿಲನ್ನು ದುಡಿಸಲೆಳಸಿದರು.

ಚಾಮಿಚಾನರ ಮಾರ್ಗದಲ್ಲಿ ಒಂದು ಕೊರತೆಯಿತ್ತು. ಬಣ್ಣವಿಲ್ಲದ ದ್ರವ್ಯಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರಲಾರವು. ಆದ್ದರಿಂದಲೇ ಕೆಲಸ ನಿಧಾನ. ಇಂದಿನ ವಿಜ್ಞಾನಿಗಳು ಇದಕ್ಕೆ ಬಣ್ಣಗಳನ್ನೇ ದಲ್ಲಾಳಿಗಳನ್ನಾಗಿ ಮಾಡಿಕೊಂಡಿದ್ದಾರೆ. ನಾವು ಕರಡು ತಿದ್ದುವ ಕೆಂಪು ಶಾಯಿಗಳಲ್ಲಿ ಬಳಕೆಯಾಗುತ್ತ ಬಂದ ಇಯೋಸಿನ್ ಅಂತಹದೊಂದು. ಅದು ಹಸುರು ಬೆಳಕನ್ನು ಹೀರಿ, ಆ ಶಕ್ತಿಯಿಂದ ಗಾಳಿಯ ಆಮ್ಲಜನಕವನ್ನು ಕೆಲಸಕ್ಕೆ ಹಚ್ಚಿ, ತಾನು ಮೊದಲಿನಂತಾಗಿ ಮತ್ತೆ ದುಡಿಯುತ್ತದೆ. ಹಿಂದೆ ವಿಷಮಯವಾದ ಕ್ರೋಮಿಯಂ ಲವಣಗಳನ್ನು ಸುರಿಯಬೇಕಾಗಿದ್ದ ಕೆಲವು ಉತ್ಕರ್ಷಣಕಾರ್ಯಗಳಿಗೆ ಹೀಗೆ ಗಾಳಿ ಬೆಳಕುಗಳೇ ಸಾಕಾಗಿವೆ. ತೊಡಕುಗಳೂ ಉಂಟು: ದುಡಿದಂತೆ ಬಣ್ಣ ಮಾಸಬಹುದು, ದೊಡ್ಡ ಕಡಾಯಿಯ ಆಳಕ್ಕೆ ಬೆಳಕು ಇಳಿಯದು.

ಚಾಮಿಚಾನರ ಹೆಸರು ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಸೂಚಿತವಾದರೂ ಕೈಗೂಡಲಿಲ್ಲ. 1922ರ ಜನವರಿ 2ರಂದು ಅವರು ಕಾಲವಾದರು. ಬೊಲೊನ್ಯಾದ ರಸಾಯನಶಾಲೆ ಇಂದು ಅವರ ಹೆಸರನ್ನು ಹೊತ್ತಿದೆ.

ನಂಜನಗೂಡಿನಲ್ಲಿ ಕಪಿಲೆಯ ಸಮೀಪದಲ್ಲಿಯೇ ಕೈಗಾರಿಕೆಗಳು ಬೆಳೆದಿರುವ ಈ ಕಾಲದಲ್ಲಿ, ಹೊಳೆಗೆ ವಿಷವುಣಿಸದೆ ವಸ್ತುಗಳನ್ನು ತಯಾರಿಸುವ ವಿದ್ಯೆ ನಮಗೆ ದೂರದ ಮಾತಲ್ಲ. ಇಟಲಿಯ ಮಾಳಿಗೆಗಿಂತ ನಮ್ಮ ಮಾಳಿಗೆಗಳ ಮೇಲೆ ಬಿಸಿಲು ಕಡಮೆಯೇನೂ ಬೀಳುತ್ತಿಲ್ಲ. ನಮ್ಮ ಕಾಲೇಜುಗಳ ತರುಣರೂ, ಉದ್ಯಮಿಗಳೂ, ಅಧಿಕಾರಿಗಳೂ ಇದರತ್ತ ಮನಸ್ಸು ಕೊಡಲೆಂದು ನಾವು ಹಾರೈಸುತ್ತೇವೆ.