ಸಕ್ಕರೆಯ ಜಾಡು ಹಿಡಿದ ಗರ್ಟಿ ಕೋರಿ

ಪುಣೆಯ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಇನ್ಸುಲಿನ್ ತಾಕಿದಾಗ ಜೀವಕೋಶದೊಳಗೆ ಯಾವ ಪ್ರೋಟೀನು ಎಚ್ಚರಗೊಳ್ಳುತ್ತದೆ ಎಂದು ಅಳೆಯುತ್ತೇನೆ. ಗಂಡನಿಗೆ ವರ್ಗವಾದಾಗ ಧಾರವಾಡ ಬಿಟ್ಟು, ಹಿಂದಿನದಕ್ಕಿಂತ ಚಿಕ್ಕ ಹುದ್ದೆಗೆ ಸೇರಿದವಳು ನಾನು. ಹಾಗಾಗಿ ಗರ್ಟಿ ಕೋರಿಯವರ ಬದುಕು ನನಗೆ ತೀರಾ ಹತ್ತಿರದ್ದು.

ಗರ್ಟಿ ಹುಟ್ಟಿದ್ದು 1896ರಲ್ಲಿ, ಪ್ರಾಗ್‌ನ ಯಹೂದಿ ಕುಟುಂಬದಲ್ಲಿ. ತಂದೆ ಸಕ್ಕರೆ ಕಾರ್ಖಾನೆಗಳ ಉಸ್ತುವಾರಿ ನೋಡುತ್ತಿದ್ದ ರಸಾಯನಜ್ಞ. 1920ರಲ್ಲಿ ವೈದ್ಯಕೀಯ ಪದವಿ ಪಡೆದು, ಅದೇ ವರ್ಷ ಸಹಪಾಠಿ ಕಾರ್ಲ್ ಕೋರಿಯವರನ್ನು ಮದುವೆಯಾದರು. 1922ರಲ್ಲಿ ಇಬ್ಬರೂ ಅಮೆರಿಕದ ಬಫಲೋಗೆ ವಲಸೆ ಹೋದರು. ಅದೇ ವರ್ಷ, ಅಲ್ಲಿಂದ ಹೆಚ್ಚು ದೂರವಿಲ್ಲದ ಟೊರಾಂಟೊದಲ್ಲಿ, ಮಧುಮೇಹ ರೋಗಿಗೆ ಮೊದಲ ಬಾರಿ ಇನ್ಸುಲಿನ್ ಕೊಡಲಾಗಿತ್ತು. ಇನ್ಸುಲಿನ್ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಸರಿ. ಇಳಿದ ಸಕ್ಕರೆ ಹೋಗುವುದೆಲ್ಲಿಗೆ? ದಂಪತಿ ಈ ಪ್ರಶ್ನೆಯ ಬೆನ್ನು ಹತ್ತಿದರು.

ಗಂಡನ ಜೊತೆ ಸಂಶೋಧನೆ ನಿಲ್ಲಿಸದಿದ್ದರೆ ಕೆಲಸ ಹೋಗುತ್ತದೆ ಎಂಬ ಬೆದರಿಕೆ ಬಫಲೋದಲ್ಲಿ ಗರ್ಟಿಗೆ ಬಂತು. ಹೆಂಡತಿಯ ಜೊತೆ ಕೆಲಸ ಮಾಡಬಾರದೆಂಬ ಷರತ್ತಿನ ಮೇಲೆ ಬೇರೆಡೆ ಹುದ್ದೆ ಬಂದಾಗ ಕಾರ್ಲ್ ಒಪ್ಪಲಿಲ್ಲ. 1929ರಲ್ಲಿ ಇಬ್ಬರೂ ಸೇರಿ ಒಂದು ಚಕ್ರವನ್ನು ವಿವರಿಸಿದರು. ದುಡಿಯುವ ಸ್ನಾಯು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಯಕೃತ್ತು ಅದನ್ನು ಮತ್ತೆ ಸಕ್ಕರೆಯಾಗಿಸಿ ಕಳಿಸುತ್ತದೆ. ಇದೇ ಕೋರಿ ಚಕ್ರ.

1931ರಲ್ಲಿ ಸೇಂಟ್ ಲೂಯಿಸ್‌ಗೆ ಹೋದಾಗ ಕಾರ್ಲ್ ವಿಭಾಗದ ಮುಖ್ಯಸ್ಥರು. ಗರ್ಟಿ ಅಲ್ಪ ಸಂಬಳದ ಸಂಶೋಧನಾ ಸಹಾಯಕಿ. ಅಲ್ಲಿಯೇ ದಂಪತಿ, ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನನ್ನು ಒಡೆಯುವ ಫಾಸ್ಫೊರಿಲೇಸ್ ಕಿಣ್ವವನ್ನು ಪತ್ತೆ ಮಾಡಿದರು. ಅದಕ್ಕೆ ಚುರುಕು ಮತ್ತು ಮಂದ ಎಂಬ ಎರಡು ರೂಪಗಳಿವೆ ಎಂದು ಗರ್ಟಿ ತೋರಿಸಿದರು. ಒಂದು ಫಾಸ್ಫೇಟ್ ಅಂಟಿದರೆ ಕಿಣ್ವ ಚುರುಕು, ಕಳಚಿದರೆ ಮಂದ ಎಂಬ ಗುಟ್ಟನ್ನು 1950ರ ದಶಕದಲ್ಲಿ ಬಿಡಿಸಿದವರು ಅವರಲ್ಲಿ ಪಳಗಿದ್ದ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಶರ್.

ನಾನು ಅಳೆಯುವುದೂ ಇದೇ ಫಾಸ್ಫೇಟನ್ನು. ಇನ್ಸುಲಿನ್ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟುತ್ತದೆ. ಸುದ್ದಿ ಒಳಗೆ ಕೈಯಿಂದ ಕೈಗೆ ದಾಟಿ ಎಕೆಟಿ ಎಂಬ ಪ್ರೋಟೀನಿಗೆ ಮುಟ್ಟುತ್ತದೆ. ಅದಕ್ಕೆ ಫಾಸ್ಫೇಟ್ ಅಂಟಿ ಅದು ಎಚ್ಚರಗೊಳ್ಳುತ್ತದೆ. ಆಗ ಸ್ನಾಯುವಿನಲ್ಲಿ ಸಕ್ಕರೆ ಒಳಬರುವ ಬಾಗಿಲುಗಳು ಹೊರಮೈಗೆ ಬರುತ್ತವೆ. ಗ್ಲೈಕೋಜನ್ ಕಟ್ಟುವ ಕಿಣ್ವಕ್ಕೆ ಮಾತ್ರ ಲೆಕ್ಕ ತಿರುವುಮುರುವು: ಫಾಸ್ಫೇಟ್ ಕಳಚಿದ ಮೇಲೆಯೇ ಅದು ಕೆಲಸಕ್ಕಿಳಿಯುತ್ತದೆ. ಇಳಿದ ಸಕ್ಕರೆ ಹೋಗುವುದು ಅಲ್ಲಿಗೆ.

ಗರ್ಟಿ ಪೂರ್ಣ ಪ್ರಾಧ್ಯಾಪಕಿಯಾದದ್ದು 1947ರಲ್ಲಿ. ಅದೇ ವರ್ಷ ಕಾರ್ಲ್ ಮತ್ತು ಅರ್ಜೆಂಟೀನಾದ ಬರ್ನಾರ್ಡೊ ಹೌಸ್ಸೆ ಜೊತೆ ನೊಬೆಲ್ ಬಂತು. ವೈದ್ಯಕೀಯದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು. ವಾಸಿಯಾಗದ ಮೂಳೆಮಜ್ಜೆಯ ಕಾಯಿಲೆ ಗೊತ್ತಾದದ್ದೂ ಅದೇ ವರ್ಷ. ಆಮೇಲೂ 10 ವರ್ಷ, ರಕ್ತ ಹಾಕಿಸಿಕೊಳ್ಳುತ್ತಲೇ ಪ್ರಯೋಗಾಲಯಕ್ಕೆ ಬಂದರು. ಮಕ್ಕಳಲ್ಲಿ ಗ್ಲೈಕೋಜನ್ ತುಂಬಿಕೊಳ್ಳುವ ಒಂದು ಆನುವಂಶಿಕ ಕಾಯಿಲೆಗೆ ಕಿಣ್ವವೊಂದರ ಕೊರತೆಯೇ ಕಾರಣವೆಂದು ತೋರಿಸಿದ್ದು ಆ ದಿನಗಳಲ್ಲೇ. 1957ರ ಅಕ್ಟೋಬರ್ 26ರಂದು ತೀರಿಕೊಂಡರು.

ನೊಬೆಲ್ ತಂದ ಕೆಲಸವೆಲ್ಲ ಅವರಿಗೆ ದೊಡ್ಡ ಹುದ್ದೆ ಸಿಗುವುದಕ್ಕೂ ಮುಂಚಿನದು. ಊರು ಬದಲಿಸಿ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತುತ್ತಿರುವ ಗೆಳತಿಯರಿಗೆ ನಾನು ಹೇಳುವುದು ಇಷ್ಟನ್ನೇ.