ಸೇವೆಗೆ ಶಿಸ್ತು ಕಲಿಸಿದ ಡಾ. ನಾ. ಸು. ಹರ್ಡೀಕರ

ಧ್ವಜ ಏರುವಾಗ ಸಾಲಾಗಿ ನಿಲ್ಲುವುದನ್ನು, ಒಂದೇ ದನಿಗೆ ಹೆಜ್ಜೆ ಹಾಕುವುದನ್ನು ನಾವೆಲ್ಲ ಶಾಲೆಯ ಅಂಗಳದಲ್ಲಿ ಕಲಿತವರು. ಸ್ವಾತಂತ್ರ್ಯ ಹೋರಾಟದ ಯುವಕರಿಗೆ ಈ ಶಿಸ್ತನ್ನು ಕಲಿಸಿದವರು ನಮ್ಮ ಹುಬ್ಬಳ್ಳಿಯ ಡಾಕ್ಟರೊಬ್ಬರು ಎಂಬುದು ಇಂದಿನ ಎಷ್ಟೋ ಮಕ್ಕಳಿಗೆ ತಿಳಿದಿಲ್ಲ.

ನಾರಾಯಣ ಸುಬ್ಬರಾವ್ ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ವೈದ್ಯ ಶಿಕ್ಷಣ ಮುಗಿಸಿ ಅಮೆರಿಕಕ್ಕೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದರು. ಆಗ ಅಲ್ಲಿದ್ದ ಲಾಲಾ ಲಜಪತರಾಯರ ಜೊತೆ ಸೇರಿ, ಭಾರತದ ಸ್ವರಾಜ್ಯದ ಬೇಡಿಕೆಯನ್ನು ಆ ದೇಶದ ಜನರಿಗೆ ತಿಳಿಸುವ ಕೆಲಸಕ್ಕೆ ನಿಂತರು. ಯಾವ ಸರಕಾರವೂ ನೇಮಿಸದ ರಾಯಭಾರಿ ಅವರು. 1921ರಲ್ಲಿ ಮರಳಿ ಬಂದಾಗ ದವಾಖಾನೆ ತೆರೆದು ಹಣ ಗಳಿಸಬಹುದಿತ್ತು. ಆದರೆ ಅವರು ಹುಬ್ಬಳ್ಳಿಯ ತರುಣರನ್ನು ಕೂಡಿಸತೊಡಗಿದರು.

1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ತಮ್ಮ ಸಂಗಡಿಗರೊಂದಿಗೆ ಹೋಗಿ ಸೆರೆಮನೆ ಸೇರಿದರು. ಅಲ್ಲಿಯ ಕಷ್ಟಕ್ಕೆ ಅಂಜಿ ಕೆಲವರು ಕ್ಷಮಾಪಣೆ ಬರೆದುಕೊಟ್ಟರೂ ಹುಬ್ಬಳ್ಳಿಯ ತಂಡ ಬಗ್ಗಲಿಲ್ಲ. ಬರಿಯ ಉತ್ಸಾಹ ಸಾಲದು, ತರಬೇತಿ ಬೇಕು ಎಂಬ ಪಾಠ ಅಲ್ಲಿ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಸಮವಸ್ತ್ರ, ಕವಾಯತು ಕಂಡು ಇದು ಸೈನ್ಯವಾದೀತೆಂದು ಅಂಜಿದ ಹಿರಿಯರೂ ಇದ್ದರು. ಅದಕ್ಕೆ ಹರ್ಡೀಕರರು ಕೆಲಸದಿಂದಲೇ ಉತ್ತರ ಕೊಟ್ಟರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾದ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ಜನಜಂಗುಳಿಯನ್ನು ನಿಭಾಯಿಸಿ ಸೇವೆ ಸಲ್ಲಿಸಿದರು. ಕಮಲಾದೇವಿ ಚಟ್ಟೋಪಾಧ್ಯಾಯರು ಮಹಿಳೆಯರ ವಿಭಾಗವನ್ನು ಮುನ್ನಡೆಸಿದರು. 1932ರಲ್ಲಿ ಬ್ರಿಟಿಷ್ ಸರಕಾರ ದಳವನ್ನು ನಿಷೇಧಿಸಿತು ಎಂದರೆ ಅದರ ಬಲ ಎಷ್ಟಿತ್ತೆಂಬುದನ್ನು ನಾವೇ ಊಹಿಸಬಹುದು.

ಘಟಪ್ರಭೆಯ ಆರೋಗ್ಯಧಾಮದ ಬೆಳವಣಿಗೆಗೂ ಈ ವೈದ್ಯರು ದುಡಿದರು. 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂತು. 1975ರ ಆಗಸ್ಟ್ 26ರಂದು ಅವರು ಕಾಲವಾದರು.

ಇಂದು ನಮ್ಮ ಉಣಕಲ್ಲಿಗೆ ಹತ್ತಿರದ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗಿ ದೇಶದ ಮೂಲೆ ಮೂಲೆಗೆ ಹೋಗುತ್ತದೆ. ಆ ಧ್ವಜಕ್ಕಾಗಿ ಸೆರೆಮನೆ ಕಂಡವರೂ ಇದೇ ನೆಲದವರು. ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವಿನ ಕೈ ಹಿಡಿಯುವುದು, ಕೆರೆಯ ದಂಡೆಯ ಕಸ ಎತ್ತುವುದು, ಹೇಳಿದ ಹೊತ್ತಿಗೆ ಬಂದು ನಿಲ್ಲುವುದು ಸಣ್ಣ ಕೆಲಸಗಳಲ್ಲ. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಶಾಲೆಯ ಮಕ್ಕಳು ಅಷ್ಟನ್ನು ರೂಢಿಸಿಕೊಂಡರೆ ಹರ್ಡೀಕರರ ಋಣವನ್ನು ತುಸುವಾದರೂ ತೀರಿಸಿದಂತೆ.